ಉಗುರು ತಿನ್ನುವ ಹುಳ

ನಿತೇಶನ ಬಲಗೈ ಹೆಬ್ಬೆರಳಿನ ಉಗುರು ಮಧ್ಯಾಹ್ನದ ಗಂಜಿಯಲ್ಲಿ ಕಳಚಿ ಬಿತ್ತು.

ನೋವಾಗಲಿಲ್ಲ. ಅವನಿಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಉಗುರು ಕಿತ್ತು ಬಂದರೆ ರಕ್ತ ಬರಬೇಕು, ಜೀವ ಬಾಯಿಗೆ ಬರಬೇಕು. ಇದು ನೆನೆದ ಹಪ್ಪಳದ ತುಂಡಿನಂತೆ ಮೆತ್ತಗೆ ಜಾರಿ, ಕುಚ್ಚಲಕ್ಕಿ ಅಗುಳುಗಳ ನಡುವೆ ಬಿಳಿಚಿಕೊಂಡು ಕುಳಿತಿತ್ತು.

ಎದುರಿಗೆ ಉಣ್ಣುತ್ತಿದ್ದ ಝಕರಿಯಾ ಬಗ್ಗಿ ನೋಡಿದ. ಕೋಳಿ ಅಂಗಡಿಗಳಿಂದ ಕಂಪೆನಿಗೆ ಪುಕ್ಕ ತರುವ ಪಿಕಪ್ಪಿನ ಡ್ರೈವರ್ ಅವನು.

"ಎಂತದಾ ಅದು? ಮೀನಿನ ಚಿಪ್ಪಾ?"

"ನನ್ನ ಉಗುರು."

"ಯಾ ಅಲ್ಲಾ! ಉಣ್ಬೇಡ ಮಾರಾಯ, ಚೆಲ್ಲು ಅದನ್ನು."

ಚೆಲ್ಲಿದ. ಪುಕ್ಕದ ಶೆಡ್ಡಿನ ಹಿಂದೆ ಕಾಗೆ ಬಂದು ಅನ್ನ ಹೆಕ್ಕಿತು. ಉಗುರನ್ನು ಕಾಗೆಯೂ ಮುಟ್ಟಲಿಲ್ಲ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಬಸ್ಸಿನವರಿಗೆ ಕಾಣದಷ್ಟು ಒಳಗೆ, ಗುಡ್ಡೆ ಅಗೆದು ಸಮ ಮಾಡಿದ ಜಾಗದಲ್ಲಿ ಆ ಕಂಪೆನಿ ಇತ್ತು. ಎಂಜೈಮ್ ಮಾಡುವ ಕಂಪೆನಿ. ಎಂಜೈಮ್ ಅಂದರೆ ಏನೆಂದು ನಿತೇಶನನ್ನು ಕೂರಿಸಿ ಹೇಳಿದವರಿಲ್ಲ. ನೋಡಿ ತಿಳಿದದ್ದು ಇಷ್ಟು: ಟಾಂಕಿಯೊಳಗೆ ಕಣ್ಣಿಗೆ ಕಾಣದ ಒಂದು ಹುಳ ಉಂಟು. ಬೇರೆ ಹುಳಗಳು ಸಾಯುವ ಬಿಸಿಯಲ್ಲಿ ಅದು ಸಂಸಾರ ಮಾಡುತ್ತದೆ. ಪುಕ್ಕ ಹಾಕಿದರೆ ಪುಕ್ಕ ಕರಗಿಸಲು ರಸ ಬಿಡುತ್ತದೆ. ಆ ರಸವನ್ನು ಗಿರಗಿರ ತಿರುಗುವ ಮಿಷನ್ನಿಗೆ ಹಾಕಿ ಹುಳ ಬೇರೆ, ರಸ ಬೇರೆ ಮಾಡುತ್ತಾರೆ. ಬಟ್ಟೆಯಲ್ಲಿ ಸೋಸುತ್ತಾರೆ. ಉಪ್ಪು ಹಾಕಿ ಗಟ್ಟಿಯಾದದ್ದನ್ನು ತಳಕ್ಕೆ ಇಳಿಸುತ್ತಾರೆ. ಮತ್ತೆ ಕರಗಿಸಿ ಮತ್ತೆ ಸೋಸಿದರೆ ಹಾಲು ಹಾಕದ ಕಣ್ಣ ಚಾಯದ ಬಣ್ಣದ ನೀರು ಕ್ಯಾನಿಗೆ ಇಳಿಯುತ್ತದೆ. ಕ್ಯಾನು ದೂರದ ಚರ್ಮದ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ತೊಗಲಿನ ಮೇಲಿನ ಕೂದಲು ಕತ್ತಿ ಸೋಕದೆ ಉದುರುತ್ತದಂತೆ. ಕೂದಲು, ಪುಕ್ಕ, ಕೊಂಬು, ಉಗುರು, ಯಾವುದಾದರೂ ಅದಕ್ಕೆ ಅನ್ನವೇ.

ಗೇಟಿನ ಬೋರ್ಡಿನಲ್ಲಿ ಹಸುರು ಎಲೆಯ ಚಿತ್ರ ಉಂಟು. ಪ್ರಕೃತಿಯಿಂದ ಬಂದದ್ದು ಎಂದು ಬರೆದಿದೆ.

ಪ್ರಕೃತಿಯಿಂದ ಅಲ್ಲ, ಅದು ಬಂದದ್ದು ನಿತೇಶನ ಕೇರಿಯಿಂದ, ಕೊಪ್ಪದಿಂದ. ವೇಣೂರಿನ ಆಚೆ ಕೊರಗರ ಮನೆಗಳ ಬದಿಯಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಹೊಂಡ ಒಂದಿದೆ. ಬೆಳ್ತಂಗಡಿ, ಮೂಡುಬಿದಿರೆಯ ಕೋಳಿ ಅಂಗಡಿಯವರು ಪುಕ್ಕ ತಂದು ಸುರಿಯುತ್ತಿದ್ದದ್ದು ಅಲ್ಲಿಗೆ. ಕೇಳಲು ಹೋದರೆ, "ನಿಮಗೆಂತದಾ ವಾಸನೆ?" ಎನ್ನುತ್ತಿದ್ದರು. ಮಳೆಗಾಲದಲ್ಲಿ ಆ ರಾಶಿ ಬೆಂಕಿಯಿಲ್ಲದೆ ಹಬೆಯಾಡುತ್ತಿತ್ತು. ಅದನ್ನು ಕೇಳಿ, ಕಾಲೇಜಿನಲ್ಲಿ ಓದುತ್ತಿದ್ದ ಶಶಿಪ್ರಭಾ ಮೂಗಿಗೆ ಶಾಲು ಕಟ್ಟಿಕೊಂಡು ಬಂದಿದ್ದಳು. ರಾಶಿಯ ಹೊಟ್ಟೆಯೊಳಗಿನದ್ದು ಬೇಕು ಎಂದಳು. ನಿತೇಶ ಬರಿಗಾಲಲ್ಲಿ ಇಳಿದು ಅಗೆದುಕೊಟ್ಟ. ಅಂಗಾಲು ಬೊಬ್ಬೆ ಎದ್ದಿತು. ಅವಳು ಒಂದು ಚಮಚದಷ್ಟನ್ನು ಬಾಟ್ಲಿಗೆ ತುಂಬಿಕೊಂಡು ಹೋದಳು. ಆಮೇಲೆ ಕಂಪೆನಿ ಎದ್ದಿತು. ಹುಳ ಕಂಪೆನಿಯ ಧಣಿಯದ್ದಾಯಿತು. ಹೆಸರು, ಲ್ಯಾಬಿನ ಕುರ್ಚಿ ಶಶಿಪ್ರಭಾಳದ್ದಾಯಿತು. ಹೊಂಡ ಕೊರಗರದ್ದೇ ಉಳಿಯಿತು.

ಅಗೆದದ್ದಕ್ಕೆ ನಿತೇಶನಿಗೆ ಕಂಪೆನಿಯಲ್ಲಿ ಕೆಲಸ ಸಿಕ್ಕಿತು. ಅವನು ಶಾಲೆ ಬಿಟ್ಟು ಆಗಲೇ ಬಹಳ ಸಮಯ ಆಗಿತ್ತು. ಬಿಟ್ಟದ್ದು ಬಡತನಕ್ಕೆ ಎಂದು ಊರವರು ಹೇಳುತ್ತಾರೆ, ಹೇಳಲಿಕ್ಕೆ ಅದು ಸುಲಭ. ಎಂಟನೇ ಕ್ಲಾಸಿನಲ್ಲಿ ಛದ್ಮವೇಷ ಸ್ಪರ್ಧೆ ಇತ್ತು. ಒಬ್ಬ ಹುಡುಗ ಮೈಗೆಲ್ಲ ಮಸಿ ಬಳಿದುಕೊಂಡು, ಅಡಿಕೆ ಹಾಳೆಯ ಟೊಪ್ಪಿ ಇಟ್ಟು, ಹರಿದ ಪಂಚೆ ಉಟ್ಟು, ಕೊರಗನಾಗಿ ಬಂದು ಕುಣಿದ. ಮಾಸ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಪ್ರಥಮ ಬಹುಮಾನ, ಸ್ಟೀಲಿನ ಬಟ್ಟಲು. ನಿಜವಾದ ಕೊರಗ ಕೊನೆಯ ಬೆಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕಿತ್ತು. ನಿತೇಶ ಎದ್ದು ಮನೆಗೆ ಹೋದ. ಮತ್ತೆ ಆ ಗೇಟು ದಾಟಲಿಲ್ಲ.

ಕಂಪೆನಿಯಲ್ಲಿ ಅವನ ಕೆಲಸ ಉಜ್ಜುವುದು. ಟಾಂಕಿ ಖಾಲಿಯಾದ ಮೇಲೆ ಬಾಯಿಂದ ಒಳಗಿಳಿದು, ಗೋಡೆಗೆ ಹಿಡಿದ ಲೋಳೆ ಉಜ್ಜಬೇಕು. ಒಳಗೆ ಕೊಳೆತ ಮೊಟ್ಟೆಯ ನಾತ. ಬೆವರು ಕಣ್ಣಿಗೆ ಇಳಿದರೆ ಒರೆಸುವ ಹಾಗಿಲ್ಲ, ಕೈತುಂಬ ಲೋಳೆ. ಮೇಲೆ ಬಂದ ಮೇಲೆ ಸೋಸುವ ಬಟ್ಟೆಗಳನ್ನು ಕೆರೆಯಬೇಕು. ಬಟ್ಟೆಯ ಎಳೆಯೊಳಗೆ ರಸ ಕುಳಿತಿರುತ್ತದೆ, ಉಗುರು ಹಾಕಿ ಕೆರೆದರೇ ಹೋಗುವುದು. ಉಳಿದ ಕೆಲಸದವರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಬಿಹಾರದಿಂದ ಬಂದವರು ಕೂಡ ಒಂದು ವಾರದಲ್ಲಿ, ಇಲ್ಲಿ ಇದಕ್ಕೆ ಬೇರೆ ಜನ ಇದ್ದಾರೆ ಎಂದು ಕಲಿತುಬಿಟ್ಟಿದ್ದರು.

ಗ್ಲೌಸು ಇತ್ತು. ಲ್ಯಾಬಿನಲ್ಲಿ ಇತ್ತು. ನಿತೇಶ ಒಮ್ಮೆ ಕೇಳಿದ. ಸೂಪರ್‌ವೈಸರ್ ಪದ್ಮಯ್ಯನಿಗೆ ನಗು ಬಂತು.

"ಬುಟ್ಟಿ ಹೆಣೆಯುವ ಕೈಗೆ ಎಂತದಾ ಗ್ಲೌಸು? ಬೆರಳು ಆಡ್ಲಿಕ್ಕಿಲ್ಲ ನಿನಗೆ. ಮನೆಗೆ ಹೋಗಿ ಬಿಸಿ ನೀರಲ್ಲಿ ಕೈ ಮುಳುಗಿಸಿ ಕೂತ್ಕೊ. ಬಿಸಿ ನೀರಿಗೆ ಹೋಗದ ಕೊಳೆ ಉಂಟಾ?"

ಈ ಸೀಮೆಯಲ್ಲಿ ಬಿಸಿ ನೀರಿಗಿಂತ ದೊಡ್ಡ ವೈದ್ಯ ಇಲ್ಲ. ಬಾಣಂತಿಗೆ ಬಿಸಿ ನೀರು, ಬೆನ್ನು ನೋವಿಗೆ ಬಿಸಿ ನೀರು, ದುಡಿದು ಬಂದವನಿಗೆ ಹಂಡೆ ತುಂಬ ಬಿಸಿ ನೀರು. ನಿತೇಶ ಬಸ್ಸಿಳಿದು ಮನೆ ಮುಟ್ಟುವಾಗ ಅಜ್ಜಿ ಅಮ್ಮಣಿ ನೆಕ್ಕಿ ಸೊಪ್ಪು ಹಾಕಿ ನೀರು ಕುದಿಸಿ ಇಟ್ಟಿರುತ್ತಿದ್ದಳು. ಅವನ ಕೈಗಳನ್ನು ತಾನೇ ಹಿಡಿದು ಬೋಗುಣಿಯಲ್ಲಿ ಮುಳುಗಿಸುತ್ತಿದ್ದಳು.

"ಸುಡ್ತದೆ ಅಜ್ಜಿ."

"ಸುಡ್ಲಿ. ಸುಟ್ಟರೇ ವಿಷ ಹೋಗುವುದು."

ದಿನವೂ ಹೀಗೆ. ದಿನದಿಂದ ದಿನಕ್ಕೆ ಉಗುರಿನ ಬುಡ ಬೆಳ್ಳಗಾಯಿತು. ಅಂಚು ಎದ್ದಿತು. ಬೆರಳ ತುದಿಯ ಚರ್ಮ ಎಳೆ ಮಗುವಿನದ್ದರಂತೆ ತೆಳುವಾಗಿ ಕೆಂಪಾಯಿತು. ಅಂಗಿಯ ಗುಂಡಿ ಹಾಕುವಾಗ ಉರಿ, ಉಪ್ಪು ಮುಟ್ಟಿದರೆ ಉರಿ. ಬಸ್ಸಿನಲ್ಲಿ ಅವನು ಮೇಲಿನ ಕಂಬಿ ಹಿಡಿಯುವುದನ್ನು ಬಿಟ್ಟ. ಕೈ ಕಂಡರೆ ಪಕ್ಕದವರು ಸರಿದು ಕೂರುತ್ತಿದ್ದರು. ಮೊದಲೇ ಸರಿಯುವವರು, ಈಗ ಅವರಿಗೆ ಒಂದು ಕಾರಣ ಸಿಕ್ಕಿತ್ತು.

ಹೆಬ್ಬೆರಳ ಉಗುರು ಬಿದ್ದ ದಿನ ಸಂಜೆ ಅಮ್ಮಣಿ ಅವನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳದ್ದು ಕಾಡುಬಳ್ಳಿಯ ಬೀಳು ಸಿಗಿದು ಬುಟ್ಟಿ ಹೆಣೆಯುವ ಕೈ. ಬೀಳು ಸಿಗಿಯಲು ಕತ್ತಿ ಬಾಯಿ ಹಾಕಿ ಬಿಡುತ್ತದೆ, ಮುಂದಿನದ್ದು ಹೆಬ್ಬೆರಳ ಉಗುರಿನ ಕೆಲಸ. ಅವಳ ಉಗುರು ಆಮೆಯ ಬೆನ್ನಿನಂತಿತ್ತು. ಕೊರಗನಿಗೆ ಉಗುರು ಹೋದರೆ ಏನು ಹೋಯಿತೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನಾವು ಅವರ ಉಗುರು ತಿಂದದ್ದು," ಅಂದಳು. "ನಮ್ಮದನ್ನು ಯಾರೂ ತಿಂದಿರ್ಲಿಲ್ಲ. ಈಗ ಅದೂ ಆಯ್ತಾ?"

ಅವಳು ಅನ್ನಕ್ಕೆ ಕುಳಿತರೆ ಮೊದಲು ಬೆರಳು ಹಾಕಿ ಇಡೀ ಬಟ್ಟಲು ಕೆದಕಿ ನೋಡುವುದನ್ನು ನಿತೇಶ ಚಿಕ್ಕಂದಿನಿಂದ ಕಂಡಿದ್ದ. ಕಲ್ಲು ಹುಡುಕುತ್ತಾಳೆ ಎಂದುಕೊಂಡಿದ್ದ. ಅವಳು ಹುಡುಕುತ್ತಿದ್ದದ್ದು ಕಲ್ಲನ್ನಲ್ಲ.

"ದೊಡ್ಡ ಮನೆಯಲ್ಲಿ ಬಸುರಿ ಮಗಳಿಗೆ ಕಷ್ಟ ಬಂದಾಗ ನಮ್ಮನ್ನು ಕರೀತಿದ್ರು," ಅಂದಳು. "ಅಂಗಳದ ಮೂಲೆಯಲ್ಲಿ ಕೂರಿಸಿ ಎಲೆ ಹಾಕುವುದು. ಅನ್ನದಲ್ಲಿ ಅವಳ ಕೂದಲು, ಉಗುರು. ತಿನ್ನುವವರೆಗೆ ನೋಡ್ತಾ ನಿಲ್ತಿದ್ರು. ಅವಳ ಕೇಡು ನಮಗೆ ದಾಟಬೇಕಲ್ಲ. ಕೂದಲು ನುಂಗಿದ್ರೆ ಹೋಗ್ತದೆ ಮಗಾ. ಉಗುರು ಹೋಗುವುದಿಲ್ಲ. ಹಲ್ಲಿಗೆ ಸಿಗ್ತದೆ. ಕರಕ್ ಅಂತದೆ."

ಇದಕ್ಕೆ ಅಜಲು ಎಂದು ಹೆಸರು. ಸರಕಾರ ನಿಷೇಧ ಮಾಡಿದೆ, ಮಾಡಿಸಿದವರಿಗೆ ಜೈಲು ಉಂಟು. ಕೊಪ್ಪಕ್ಕೆ ಬಂದ ಸಂಘದವರು ಮೈಕ್ ಹಿಡಿದು ಹೇಳಿ ಹೋಗಿದ್ದರು. ಅಮ್ಮಣಿಯ ಹಲ್ಲಿಗೆ ಅದು ಗೊತ್ತಿಲ್ಲ.

ಮರುದಿನ ನಿತೇಶ ನೇರ ಲ್ಯಾಬಿನ ಬಾಗಿಲಿಗೆ ಹೋಗಿ ನಿಂತು ಕೈ ತೋರಿಸಿದ. ಶಶಿಪ್ರಭಾ ಕುರ್ಚಿ ಹಿಂದಕ್ಕೆ ತಳ್ಳಿದಳು.

"ಕೆಲಸ ಆದ ಮೇಲೆ ಎಂತದರಲ್ಲಿ ತೊಳೀತಿ?"

"ಬಿಸಿ ನೀರಲ್ಲಿ. ಒಳ್ಳೆ ಬಿಸಿ."

"ಅಯ್ಯೋ ದೇವರೇ. ಇದು ಬಿಸಿಗೆ ಸಾಯುವುದಲ್ಲ ನಿತೇಶ, ಬಿಸಿಗೆ ಏಳುವುದು! ತಣ್ಣಗಿದ್ರೆ ಅರೆನಿದ್ದೆಯಲ್ಲಿರ್ತದೆ. ಬಿಸಿ ಸಿಕ್ಕಿದ್ರೆ ಕೆಲಸ ಜೋರು. ಅದಕ್ಕೇ ಅಲ್ವಾ ಇದಕ್ಕೆ ಇಷ್ಟು ಬೇಡಿಕೆ. ತಣ್ಣೀರಲ್ಲಿ ತೊಳೀಬೇಕು, ತುಂಬಾ ತಣ್ಣೀರಲ್ಲಿ."

ನಿತೇಶನ ಕಣ್ಣ ಮುಂದೆ ಬೋಗುಣಿ ಬಂತು. ನೆಕ್ಕಿ ಸೊಪ್ಪಿನ ಹಬೆ ಬಂತು. ತನ್ನ ಮಣಿಕಟ್ಟು ಹಿಡಿದು ಒತ್ತುವ ಅಜ್ಜಿಯ ಕೈ ಬಂತು.

"ಬಿಸಿ ನೀರು ಅಂತ ಹೇಳಿದ್ದು ಪದ್ಮಯ್ಯಣ್ಣ."

"ಅವರಿಗೆ ಗೊತ್ತಿಲ್ಲ."

"ನಿಮಗೆ ಗೊತ್ತಿತ್ತಲ್ಲ?"

"ಗೋಡೆಯಲ್ಲಿ ಬೋರ್ಡ್ ಹಾಕಿದ್ದೇವೆ."

"ಇಂಗ್ಲಿಷಿನಲ್ಲಿ."

ಅವಳು ತಲೆ ತಗ್ಗಿಸಿದಳು. "ನಾನೂ ಇಲ್ಲಿ ಕೆಲಸಕ್ಕಿರುವವಳೇ ಅಲ್ವಾ? ನನ್ನ ಕೈಯಲ್ಲಿ ಎಂತ ಉಂಟು ಹೇಳು."

"ಉಗುರು ಉಂಟು," ಅಂದ ನಿತೇಶ.

ಆ ಸಂಜೆಯಿಂದ, ಕಂಪೆನಿಯಲ್ಲೇ ತೊಳೆದು ಬಂದೆ ಎಂದು ಅವನು ಅಜ್ಜಿಗೆ ಸುಳ್ಳು ಹೇಳತೊಡಗಿದ. ಅವಳು ದಿನವೂ ನೀರು ಕಾಯಿಸುವುದನ್ನು ಬಿಡಲಿಲ್ಲ. ನೀರು ಒಲೆಯ ಮೇಲೆ ಕುದಿದು ಆರುತ್ತಿತ್ತು. ಮೊದಲೇ ಸಡಿಲಾಗಿದ್ದ ಉಳಿದ ಉಗುರುಗಳು ಒಂದೊಂದಾಗಿ ಕಳಚಿ ಬಿದ್ದವು. ಇಷ್ಟು ದಿನ ನನ್ನ ಉಗುರು ಬೇಯಿಸಿದ್ದು ನೀನೇ ಅಜ್ಜಿ ಎಂದು ಯಾವ ಬಾಯಲ್ಲಿ ಹೇಳುವುದು?

ಅದೇ ಸಮಯಕ್ಕೆ ಟಾಂಕಿಗಳು ಕೆಡತೊಡಗಿದವು. ಹೊರಗಿನ ಬೇರೆ ಯಾವುದೋ ಹುಳ ಒಳನುಗ್ಗಿ ಧಣಿಯ ಹುಳವನ್ನು ಮುಗಿಸುತ್ತಿತ್ತು. ಟಾಂಕಿ ಟಾಂಕಿ ರಸವನ್ನು ತೋಡಿಗೆ ಬಿಟ್ಟರು. ಪೈಪಿನ ಸಂದಿನ ರಬ್ಬರ್ ಸವೆದಿದೆ, ಬದಲಿಸಿ ಎಂದು ಶಶಿಪ್ರಭಾ ಹೇಳಿದಳು. ಅಷ್ಟರಲ್ಲಿ ಧಣಿಗೆ ಜ್ವರ ಹಿಡಿಯಿತು. ಬಿಟ್ಟು ಬಿಟ್ಟು ಬರುವ ಜ್ವರ. ಧಣಿ ರಬ್ಬರ್ ಬದಲಿಸಲಿಲ್ಲ, ಜೋಯಿಸರಲ್ಲಿ ಪ್ರಶ್ನೆ ಇಡಿಸಿದ.

ಪ್ರಶ್ನೆಯಲ್ಲಿ ಏನು ಕಂಡಿತೋ, ಪದ್ಮಯ್ಯನ ನಾಲಿಗೆಗೆ ಬೆಲ್ಲ ಹತ್ತಿತು.

"ನಾಳೆ ಟಾಂಕಿಗೆ ಪೂಜೆ ಉಂಟು ನಿತೇಶಾ. ನೀನು ಬರ್ಲೇಬೇಕು. ಉಜ್ಜುವ ಕೆಲಸ ಇಲ್ಲ ನಾಳೆ ನಿನಗೆ. ಬೆಳಿಗ್ಗೆ ಎಂತದೂ ತಿನ್ಬೇಡ, ಹಸಿದು ಬಾ. ಇಲ್ಲೇ ಊಟ."

ಝಕರಿಯಾ ಇದನ್ನು ಕೇಳಿ ಹುಬ್ಬೇರಿಸಿದ. "ನಿನ್ನನ್ನು ಊಟಕ್ಕೆ ಕರೆದದ್ದಾ? ಪದ್ಮಯ್ಯ? ಅವ ನನಗೆ ಚಾಯ ಕೊಡುವಾಗ ಬೇರೆ ಗ್ಲಾಸ್ ಹುಡುಕ್ತಾನೆ ಮಾರಾಯ. ಎಂತದೋ ಉಂಟು ಇದರಲ್ಲಿ."

ಪೂಜೆ ಬೆಳಿಗ್ಗೆಯೇ ಮುಗಿಯಿತು. ಮುಹೂರ್ತಕ್ಕೆ ಸರಿಯಾಗಿ ಧಣಿ ತನ್ನ ಕೈಯಾರೆ ಬೀಜದ ಹುಳವನ್ನು ಹೊಸ ಟಾಂಕಿಗೆ ಸುರಿದ. ಊಟದ ನಂತರ ಪೇಪರಿನವರ ಫೋಟೋ ಇದ್ದದ್ದರಿಂದ ಮುಚ್ಚಳವನ್ನು ಬಿಗಿಯಲಿಲ್ಲ, ಮೇಲಿಂದ ಹಾಗೇ ಇಟ್ಟರು. ಶಶಿಪ್ರಭಾ ಬಾಯಿಗೆ ಬಟ್ಟೆ ಕಟ್ಟಿಕೊಂಡು ಟಾಂಕಿಯ ಮೆಟ್ಟಿಲ ಬುಡದಲ್ಲಿ ಕಾವಲು ನಿಂತಳು. ಹೂವಿನ ಒಂದು ಎಸಳೂ ಒಳಗೆ ಬೀಳಬಾರದು, ಬಿದ್ದರೆ ಮತ್ತೆ ಕೆಟ್ಟಿತು ಎಂದು ಎಲ್ಲರನ್ನೂ ದೂರ ಅಟ್ಟುತ್ತಿದ್ದಳು.

ಶಾಮಿಯಾನದಡಿ ಎಲ್ಲರಿಗೂ ಎಲೆ ಬಿತ್ತು. ಬಿಹಾರದವರಿಗೂ ಬಿತ್ತು. ಪದ್ಮಯ್ಯ ನಿತೇಶನ ಹೆಗಲಿಗೆ ಕೈ ಹಾಕದೆ, ಹಾಕಿದ ಹಾಗೆ ಮಾಡಿ, ಪುಕ್ಕದ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ನೆಲದ ಮೇಲೆ ಒಂದೇ ಎಲೆ ಇತ್ತು. ಧಣಿಯ ಕಾರಿನಿಂದ ಮುಚ್ಚಿದ ಪಾತ್ರೆ ಬಂತು. ಅನ್ನ, ಸಾರು, ಮೇಲೊಂದು ಸೌಟು ಪಾಯಸ. ಪದ್ಮಯ್ಯ ಮೇಲಿಂದಲೇ ಬಡಿಸಿ ಮೂರು ಹೆಜ್ಜೆ ಹಿಂದೆ ಸರಿದ. ಅಷ್ಟು ದೂರದಲ್ಲಿ, ಕಾರಿಗೆ ಒರಗಿ, ಶಾಲು ಹೊದ್ದ ಧಣಿ ನಿಂತಿದ್ದ. ಇತ್ತಲೇ ನೋಡುತ್ತಿದ್ದ.

ನಿತೇಶನಿಗೆ ಹಸಿವಾಗಿತ್ತು. ಕೂತ. ಅನ್ನಕ್ಕೆ ಕೈ ಹಾಕಿದ.

ಉಗುರಿಲ್ಲದ ಬೆರಳಿಗೆ ಅಗುಳೂ ಮುಳ್ಳು. ಆದರೆ ಇದು ಅಗುಳಲ್ಲ. ಮೊನಚಾಗಿ, ಬಾಗಿ, ಹಸಿ ಮಾಂಸಕ್ಕೆ ಚುಚ್ಚಿತು. ಹೆಕ್ಕಿ ನೋಡಿದ. ಕತ್ತರಿಸಿದ ಉಗುರು. ಇನ್ನೊಂದು. ಮತ್ತೊಂದು. ಸಾರಿನಲ್ಲಿ ಕೂದಲು, ತುದಿ ಕಪ್ಪು, ಬುಡ ಬಿಳಿ. ಬಣ್ಣ ಹಚ್ಚುವವರ ತಲೆಯದ್ದು.

ಗಟ್ಟಿ ಉಗುರು. ಒಳ್ಳೆ ಆರೋಗ್ಯದ ಉಗುರು.

"ತಿನ್ನು ತಿನ್ನು," ಪದ್ಮಯ್ಯ ಅಂದ. "ಒಂದು ತುತ್ತಾದ್ರೂ ಸಾಕು."

"ಇದರಲ್ಲಿ ಎಂತ ಉಂಟು?"

"ಎಂತ ಇರುವುದು? ಅನ್ನ."

"ಹಾಗಾದ್ರೆ ಒಂದು ತುತ್ತು ನೀವು ತಿನ್ನಿ ಪದ್ಮಯ್ಯಣ್ಣ."

"ಛೆ ಛೆ, ಹಾಗೆಲ್ಲ ಹೇಳ್ಬಾರ್ದು." ಅವನು ಇನ್ನೂ ಒಂದು ಹೆಜ್ಜೆ ಹಿಂದೆ ಹೋದ. ದನಿ ಇಳಿಸಿದ. "ನಿನ್ನ ಅಜ್ಜಿ ತಿನ್ಲಿಲ್ವನಾ? ಎಷ್ಟು ಸಲ ತಿಂದಿರ್ಬಹುದು? ಎಂತ ಆಯ್ತು ಅವಳಿಗೆ? ಮುದುಕಿ ಇನ್ನೂ ಗಟ್ಟಿ ಉಂಟಲ್ಲ!"

ಕರಕ್ ಎಂದಿತು. ನಿತೇಶನ ಹಲ್ಲು ಹಲ್ಲಿಗೆ ಕಚ್ಚಿದ್ದು.

ಅವನು ಎದ್ದ. ಒಂದು ಉಗುರನ್ನು ಎಡ ಮುಷ್ಟಿಯಲ್ಲಿ ಇಟ್ಟುಕೊಂಡ. ಎಲೆಯ ನಾಲ್ಕು ಮೂಲೆ ಎತ್ತಿ, ಮಗುವನ್ನು ಎತ್ತಿದ ಹಾಗೆ ಎದೆಗೆ ಹಿಡಿದ. ಬಿಸಿ ಸಾರು ಅಂಗಿಗೆ ಇಳಿಯಿತು. ನಡೆದ. ಶಾಮಿಯಾನದ ನಡುವಿನಿಂದಲೇ ನಡೆದ. ಉಣ್ಣುವವರ ಕೈ ಎಲೆಯಲ್ಲೇ ನಿಂತಿತು.

"ಏಯ್, ಎಲ್ಲಿಗಾ? ಹಿಡೀರಿ ಅವನನ್ನು!" ಪದ್ಮಯ್ಯ ಕೂಗಿದ. ಹಿಡಿಯಲು ಯಾರೂ ಏಳಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಲ್ಲ.

ಮೆಟ್ಟಿಲ ಬುಡದಲ್ಲಿ ಶಶಿಪ್ರಭಾ ಕೈ ಅಡ್ಡ ಹಿಡಿದಳು. "ಬೇಡ ನಿತೇಶ. ಬ್ಯಾಚ್ ಹೋಗ್ತದೆ."

ಅವನು ಎಲೆಯನ್ನು ಅವಳ ಮುಖದ ಕೆಳಗೆ ಹಿಡಿದ. ಅವಳು ನೋಡಿದಳು. ನೋಡಿದ ಮೇಲೆ ಅವಳ ಕೈ ತನ್ನಷ್ಟಕ್ಕೆ ಕೆಳಗಿಳಿಯಿತು.

ಮೇಲೆ ಹತ್ತಿ ಮೊಣಕೈಯಲ್ಲಿ ಮುಚ್ಚಳ ತಳ್ಳಿದ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಕೊಪ್ಪದ ಹೊಂಡದ ವಾಸನೆ, ಅದೇ ವಾಸನೆ. ಎಲೆ ಬಿಟ್ಟ. ಅನ್ನ, ಸಾರು, ಪಾಯಸ, ಕೂದಲು, ಉಗುರು, ಎಲ್ಲ ಹೋಯಿತು.

ಧಣಿ ಶಾಲು ಜಾರಿಸಿಕೊಂಡು ಓಡಿ ಬಂದ. ಜ್ವರ ಬಿಟ್ಟ ಹಾಗೆ ಓಡಿದ.

"ಎಂತ ಮಾಡಿದಿ ನಾಯಿ! ಎಂತ ಹಾಕಿದಿ ಅದಕ್ಕೆ?"

"ಊಟ ಹಾಕಿದೆ," ಮೇಲಿಂದ ನಿತೇಶ ಹೇಳಿದ. "ಕೂದಲು, ಉಗುರು ತಿನ್ಲಿಕ್ಕೆ ಅಂತಲೇ ಇಷ್ಟು ದೊಡ್ಡ ಟಾಂಕಿ ಕಟ್ಟಿ ಸಾಕಿದ್ದೀರಿ. ಅದು ಒಳಗಿರುವಾಗ ನನಗೆ ಯಾಕೆ ಬಡಿಸಿದ್ದು?"

"ಪೊಲೀಸಿಗೆ ಕೊಡ್ತೇನೆ ನಿನ್ನನ್ನು. ಈಗಲೇ. ಲಕ್ಷಗಟ್ಟಲೆಯ ಮಾಲು!"

"ಕೊಡಿ. ನಾನೂ ಬರ್ತೇನೆ. ಟಾಂಕಿಗೆ ಎಂತ ಬಿತ್ತು ಅಂತ ಕೇಳ್ತಾರೆ, ಅನ್ನ ಅಂತ ಬರೆಸಿ. ಅನ್ನದಲ್ಲಿ ಎಂತ ಇತ್ತು ಅಂತ ಕೇಳ್ತಾರೆ, ಅದನ್ನೂ ಬರೆಸಿ. ಯಾರಿಗೆ ಬಡಿಸಿದ್ದು, ಯಾವ ಜಾತಿಯವನಿಗೆ, ಬರೆಸಿ. ಯಾರ ಉಗುರು ಅಂತ ಕೇಳಿದ್ರೆ..." ನಿತೇಶ ಎಡ ಮುಷ್ಟಿ ಬಿಚ್ಚಿದ. "ಇದು ಯಾರ ಬೆರಳಿಗೆ ಸರಿ ಹೊಂದ್ತದೆ ಅಂತ ಅವರೇ ನೋಡ್ಲಿ."

ಧಣಿಯ ಹತ್ತೂ ಬೆರಳಿನ ಉಗುರುಗಳು ಹೊಸದಾಗಿ ಕತ್ತರಿಸಿದ್ದವು. ಎಲ್ಲರ ಕಣ್ಣು ಅಲ್ಲಿಗೆ ಹೋಯಿತು. ಧಣಿ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದ.

ಇಷ್ಟು ದಿನ ಬಸ್ಸಿನಲ್ಲಿ, ಅಂಗಡಿಯಲ್ಲಿ ಕೈ ಅಡಗಿಸಿದವನು ನಿತೇಶ. ಅವನು ಮೆಟ್ಟಿಲಿಳಿಯುವಾಗ ಉಗುರಿಲ್ಲದ ಎರಡೂ ಕೈಗಳಿಂದ ಕಂಬಿ ಹಿಡಿದುಕೊಂಡು, ಎಲ್ಲರಿಗೂ ಕಾಣುವ ಹಾಗೆ ಇಳಿದ. ಗೇಟಿನ ಬಳಿ ಪಿಕಪ್ ಸ್ಟಾರ್ಟ್ ಆಗಿತ್ತು.

"ಹತ್ತು ಬೇಗ," ಝಕರಿಯಾ ಅಂದ. "ನನ್ನ ಕೆಲಸವೂ ಹೋಯ್ತು ಇವತ್ತಿಗೆ. ಹೋಗ್ಲಿ ಸಾಯ್ಲಿ, ಪುಕ್ಕದ ನಾತ ತಪ್ಪಿತು."

ಅಮ್ಮಣಿ ಅಂಗಳದಲ್ಲಿ ನೀರು ಕುದಿಸುತ್ತಿದ್ದಳು. ಮೊಮ್ಮಗನ ಅಂಗಿಯ ಸಾರಿನ ಕಲೆ ನೋಡಿದಳು.

"ಊಟ ಹಾಕಿದ್ರಾ?"

"ಹಾಕಿದ್ರು. ನಿನಗೆ ಹಾಕ್ತಿದ್ದ ಊಟವೇ. ನಾನು ತಿನ್ಲಿಲ್ಲ ಅಜ್ಜಿ."

ಅವಳಿಗೆ ತಿಳಿಯಿತು. ಒಲೆಗೆ ಇನ್ನೊಂದು ಕೊಳ್ಳಿ ದೂಡಿದಳು. "ತಿನ್ನದೆ ಬರ್ಲಿಕ್ಕೆ ಆಗ್ತದಾ?" ಎಂದಳು. ಅದು ಪ್ರಶ್ನೆಯೋ, ಅಳುವೋ, ನಿತೇಶನಿಗೆ ಗೊತ್ತಾಗಲಿಲ್ಲ.

ಆಮೇಲೆ ಅವಳು ನೆಕ್ಕಿ ಸೊಪ್ಪಿನ ನೀರು ಇಳಿಸಿ ಅವನ ಕೈಗೆ ಕೈ ಚಾಚಿದಳು.

"ಬೇಡ. ತಣ್ಣೀರು ಕೊಡು," ಅಂದ. ಯಾಕೆಂದು ಹೇಳಿದ. ಎಲ್ಲ ಹೇಳಿದ.

ಅಮ್ಮಣಿ ಅಳಲಿಲ್ಲ. ಎದ್ದಳು. ಬೋಗುಣಿಯನ್ನು ಎತ್ತಿ ಒಲೆಯ ಮೇಲೆಯೇ ಮಗುಚಿ ಹಾಕಿದಳು. ಬೆಂಕಿ ಬುಸ್ಸೆಂದು ಸತ್ತಿತು. ಬಾವಿಯಿಂದ ಕೊಡಪಾನ ಎಳೆದು ತಂದು, ಅವನ ಕೈಗಳ ಮೇಲೆ ತಣ್ಣೀರು ಸುರಿದಳು, ಸುರಿಯುತ್ತಲೇ ಇದ್ದಳು. ಅವಳ ಬಾಯಿಂದ ಪದ್ಮಯ್ಯನಿಗೆ, ಧಣಿಗೆ, ದೊಡ್ಡ ಮನೆಗೆ, ಅಷ್ಟು ವರ್ಷ ನುಂಗಿದ ಬೈಗುಳಗಳು ಒಂದೊಂದಾಗಿ ಹೊರಗೆ ಬಂದವು.

ಇಬ್ಬರೂ ಗಂಜಿಗೆ ಕುಳಿತರು. ಅಮ್ಮಣಿ ಬಟ್ಟಲಿಗೆ ಬೆರಳು ಹಾಕಿ ಕೆದಕಿದಳು. ನಿತೇಶ ತನ್ನ ಬಟ್ಟಲು ನೋಡಿಕೊಂಡ. ಅವನ ಬೆರಳೂ ಅನ್ನದೊಳಗೆ ಹುಡುಕುತ್ತಿತ್ತು.

ಹುಡುಕಲಿ. ಸಿಕ್ಕಿದ್ದನ್ನು ಎಲ್ಲಿಗೆ ಎಸೆಯಬೇಕೆಂದು ಈ ಬೆರಳಿಗೆ ಈಗ ಗೊತ್ತುಂಟು.